ರಮಾಬಾಯಿಯ ಮಷೀನಿಗೆ ಕಟ್ಟಿದ ಟ್ಯೂಬು

ರಮಾಬಾಯಿಯ ಬಗ್ಗೆ ಬರೆಯಬೇಕೆಂದರೆ ಮೊದಲು ನನ್ನ ಗುಣ ಹೇಳಬೇಕು. ನನಗೆ ಯಾರ ಮೇಲೂ ನಂಬಿಕೆಯಿಲ್ಲ. ಹಾಲು ಬಂದರೆ ಬೆರಳದ್ದಿ ನೋಡುತ್ತೇನೆ, ಬಸ್ಸಿನಲ್ಲಿ ಪಕ್ಕದವನು ನಕ್ಕರೆ ಜೇಬು ಮುಟ್ಟಿಕೊಳ್ಳುತ್ತೇನೆ. ಮಾದನಹಿಪ್ಪರಗಾದ ನಮ್ಮ ಸಹಕಾರಿ ಸಂಘದಲ್ಲಿ ಹದಿನೆಂಟು ವರ್ಷದಿಂದ ಕಾರ್ಯದರ್ಶಿ. ಅಧ್ಯಕ್ಷ ಶಿವರಾಯರು, "ಕಲ್ಲಿನಾಥ, ನಿನಗ ನಿನ್ನ ನೆರಳಿನ ಮ್ಯಾಲೂ ಡೌಟು," ಎಂದು ನಗುತ್ತಿದ್ದರು. ನಾನದನ್ನು ಹೊಗಳಿಕೆ ಎಂದುಕೊಂಡಿದ್ದೆ.

ರಮಾಬಾಯಿ ಸಂಘದ ಮಷೀನು ಹಿಡಿದು ಮನೆಮನೆಗೆ ಹೋಗಿ, ಹೆಬ್ಬೆಟ್ಟು ಒತ್ತಿಸಿಕೊಂಡು ಮುದುಕರಿಗೆ ಪಿಂಚಣಿ ಕೊಡುವವಳು. ಊರಾಚೆಯ ಬೌದ್ಧರ ಓಣಿಯವಳು, ಬಿ.ಎ. ಓದಿದವಳು. ಗಂಡ ತೀರಿಕೊಂಡ ಮೇಲೆ ಇಬ್ಬರು ಹೆಣ್ಣುಮಕ್ಕಳನ್ನು ಈ ಕೆಲಸದಿಂದಲೇ ಓದಿಸುತ್ತಿದ್ದಳು. ಹೊಲದಲ್ಲಿ ದುಡಿದು ಸವೆದ ಬೆರಳಿನ ಗೆರೆ ಮಷೀನಿಗೆ ಸಿಗುವುದಿಲ್ಲ. ಅವಳು ಒದ್ದೆ ಬಟ್ಟೆಯಿಂದ ಒರೆಸಿ, ತುಸು ಕೊಬ್ಬರಿ ಎಣ್ಣೆ ಹಚ್ಚಿ, "ಯಜ್ಜಾ, ಇನ್ನೊಮ್ಮಿ ಒತ್ತು," ಎಂದು ಹತ್ತು ಸಲವಾದರೂ ಕಾಯುತ್ತಿದ್ದಳು. ಜನ ಅವಳನ್ನು ಹೊಗಳಿದಷ್ಟೂ ನನ್ನ ತಲೆಯಲ್ಲಿ ಸಂಶಯದ ಹುಳ ಕೊರೆಯಿತು. ಹತ್ತು ಸಲ ಯಾಕೆ ಒತ್ತಿಸುತ್ತಾಳೆ, ಎರಡೆರಡು ಸಲ ದುಡ್ಡು ತೆಗೆಯಲಿಕ್ಕೋ?

ಒಂದು ದಿನ ದೊಡ್ಡಪ್ಪ ಎಂಬ ಮುದುಕನ ಮನೆಯ ಕಟ್ಟೆಯಿಂದ ಮಷೀನು ಜಾರಿಬಿದ್ದು, ಹಿಂದಿನ ಮುಚ್ಚಳದ ಸ್ಕ್ರೂ ಕಿತ್ತುಹೋಯಿತು. ರಮಾಬಾಯಿ ಮುಚ್ಚಳ ಮೇಲೇಳದಂತೆ ಒತ್ತಿಹಿಡಿದು, ಸೈಕಲ್ ಟ್ಯೂಬಿನ ಪಟ್ಟಿ ಬಿಗಿದು, ನೆಟ್ಟಗೆ ನನ್ನ ಬಳಿ ಬಂದಳು.

"ಮಷೀನು ಬದಲಿ ಮಾಡಿಸಿಕೊಡ್ರಿ ಸರ್. ಅಲ್ಲೀತನಕ ಈ ಟ್ಯೂಬು ಬಿಚ್ಚಬ್ಯಾಡ್ರಿ. ಮುಚ್ಚಳ ತೆಗದ್ರ ಮಷೀನು ಕೆಲಸಕ್ಕ ಬರಂಗಿಲ್ಲಂತ ಟ್ರೇನಿಂಗ್‌ನ್ಯಾಗ ಹೇಳ್ಯಾರ."

ಬಿಚ್ಚಬೇಡಿ ಎಂದಳಲ್ಲ, ನನಗೆ ಅಷ್ಟೇ ಸಾಕಾಯಿತು. ಒಳಗೆ ಏನೋ ಮಾಡಿದ್ದಾಳೆ, ಅದಕ್ಕೇ ಈ ನಾಟಕ ಎಂದುಕೊಂಡೆ.

ಮುಂದಿನ ಮಂಗಳವಾರ ಅವಳು ಮಗಳ ಜಾತಿ ಪ್ರಮಾಣಪತ್ರಕ್ಕೆಂದು ಬೆಳಗಿನ ಬಸ್ಸಿಗೆ ಆಳಂದಕ್ಕೆ ಹೋದಳು. ಹೋಗುವಾಗ ನಿಯಮದಂತೆ ಮಷೀನು ಆಫ್ ಮಾಡಿ ನನ್ನ ಕೈಗೆ ಕೊಟ್ಟಳು. ಆಫೀಸಿನಲ್ಲಿ ಯಾರೂ ಇಲ್ಲದ ಹೊತ್ತು ನೋಡಿ, ಬಾಗಿಲು ಮುಂದೆ ಮಾಡಿ ಟ್ಯೂಬು ಬಿಚ್ಚಿದೆ. ಮುಚ್ಚಳ ಎತ್ತಿದರೆ ಒಳಗೆ ಹಸಿರು ಹಲಗೆ, ನಾಣ್ಯದಂಥ ಒಂದು ಸೆಲ್ಲು, ಅಷ್ಟೇ. ಮತ್ತೆ ಮೊದಲಿನ ಹಾಗೇ ಕಟ್ಟಿಟ್ಟೆ. ಆಫ್ ಆದ ಮಷೀನಿಗೆ ಏನು ತಿಳಿದೀತು?

ಬುಧವಾರ ಅವಳು ಮಷೀನು ಚಾಲು ಮಾಡಿದಾಗ, ಇದನ್ನು ಯಾರೋ ತೆರೆದಿದ್ದಾರೆ ಎಂದು ಪರದೆಯ ಮೇಲೆ ಬಂತು. ಯಾವ ಬಟನ್ ಒತ್ತಿದರೂ ಜಪ್ಪಯ್ಯ ಎನ್ನಲಿಲ್ಲ. ನಾನು ಎತ್ತಿದ ಮುಚ್ಚಳ ನೆನಪಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ನೆನಪಾಯಿತು. ಆದರೆ ನಾನು ತೆಗೆದದ್ದು ಆಫ್ ಇದ್ದಾಗ. ಇವಳು ಅದಕ್ಕೂ ಮೊದಲೇ ತೆಗೆದಿರಬೇಕು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಅವಳನ್ನು ಕೆಲಸದಿಂದ ತೆಗೆಯಬೇಕೆಂದು ಅಧ್ಯಕ್ಷರಿಗೆ ಬರೆದೂ ಕೊಟ್ಟೆ.

"ನಾ ಮುಟ್ಟಿಲ್ರಿ ಸರ್. ಈ ಕೆಲಸ ಹೋದ್ರ ಹುಡುಗ್ಯಾರಿಗೆ ಸಾಲಿ ಬಿಡಿಸ್ಬೇಕಾಗ್ತದ," ಎಂದಳು. ಅಳಲಿಲ್ಲ. ಅಳದೇ ಇದ್ದದ್ದೂ ನನಗೆ ಸಂಶಯವೇ.

ಶಿವರಾಯರು ಒಂದೇ ಮಾತಿಗೆ ಒಪ್ಪುವವರಲ್ಲ. ನಮ್ಮಿಬ್ಬರನ್ನೂ ಕರೆದುಕೊಂಡು ಆಳಂದದ ಬಸ್ ಸ್ಟ್ಯಾಂಡಿನ ಹತ್ತಿರ ಇಂಥ ಮಷೀನು ರಿಪೇರಿ ಮಾಡುವ ಲಾಡ್ಲೆಸಾಬನ ಅಂಗಡಿಗೆ ಬಂದರು. ಅವನು ಮಷೀನನ್ನು ಕಂಪ್ಯೂಟರಿಗೆ ಜೋಡಿಸುತ್ತಿರುವಾಗ ನಾನೇ ಬಾಯಿ ಹಾಕಿದೆ.

"ಆಫ್ ಇದ್ದಾಗ ಮುಚ್ಚಳ ತೆಗದ್ರ ಇದಕ್ಕ ಗೊತ್ತಾಗಂಗಿಲ್ಲಲ್ಲ?"

ಲಾಡ್ಲೆಸಾಬ ನಕ್ಕ. "ಹಂಗ ತಿಳಕೊಂಡೇ ಎಲ್ಲಾರೂ ಸಿಕ್ಕಿಬೀಳ್ತಾರ್ರಿ. ಈ ಸೆಲ್ಲು ಒಳಗಿನ ಚಿಪ್ಪಿಗೆ ವರ್ಷಗಟ್ಟಲೆ ಕರೆಂಟ್ ಕೊಡ್ತದ. ಮಷೀನು ಬಂದ್ ಆದ್ರೂ ಚಿಪ್ಪು ಎಚ್ಚರ ಇರ್ತದ. ಮುಚ್ಚಳದ ಕೆಳಗ ಇಷ್ಟೇ ಸಣ್ಣ ಗುಂಡಿ ಅದ ನೋಡ್ರಿ, ಮುಚ್ಚಳ ಅದನ್ನ ಒತ್ತಿ ಹಿಡದಿರ್ತದ. ಎತ್ತಿದ್ರ ಗುಂಡಿ ಮ್ಯಾಲ ಬರ್ತದ, ಕರೆಂಟಿನ ದಾರಿ ಕಡೀತದ. ಕಡದ ಕೂಡ್ಲೇ ಚಿಪ್ಪು ತನ್ನೊಳಗಿನ ಗುಪ್ತ ನಂಬರ್ ಎಲ್ಲಾ ಅಳಿಸಿ ಹಾಕ್ತದ. ಕಳ್ಳನ ಕೈಗೆ ಏನೂ ಸಿಗಬಾರ್ದಲ್ಲ? ತೆಗದ ತಾರೀಖು, ಟೈಮು ಮಾತ್ರ ಬರಕೊಂಡು ಕುಂದರ್ತದ."

"ಟೈಮೂ ಬರಕೊಂತದ?" ಎಂದೆ.

"ಅದರಾಗೇ ಗಡಿಯಾರ ಅದಲ್ರಿ." ಅವನು ಪರದೆಯನ್ನು ನಮ್ಮ ಕಡೆ ತಿರುಗಿಸಿದ. "ಇಲ್ನೋಡ್ರಿ. ಹೋದ ಮಂಗಳವಾರ, ಮುಂಜಾನಿ ಹನ್ನೊಂದು ಇಪ್ಪತ್ತು. ಅದಕ್ಕಿಂತ ಮೊದಲು ಯಾರೂ ತೆಗದಿಲ್ಲ."



"ಮಂಗಳವಾರ ನಾ ಇಲ್ಲೇ ಆಳಂದದಾಗ ಇದ್ದೆ," ಎಂದಳು ರಮಾಬಾಯಿ. "ಮಷೀನು ಸರ್ ಹತ್ರ ಇತ್ತು."

ಶಿವರಾಯರು ನನ್ನ ಮುಖ ನೋಡಿದರು. "ನಾನೇ ಬಿಚ್ಚಿದೆ," ಎಂದೆ.

"ಯಾಕ ಸರ್?" ಎಂದು ಕೇಳಿದಳು. ಅಷ್ಟೇ ಕೇಳಿದಳು.

ಉತ್ತರ ನನಗೆ ಗೊತ್ತಿತ್ತು. ನಮ್ಮ ಓಣಿಯ ಹೆಣ್ಣುಮಗಳು ಅದೇ ಟ್ಯೂಬು ಕಟ್ಟಿದ್ದರೆ, ಎಷ್ಟು ಜೋಪಾನ ಮಾಡಿದ್ದಾಳೆ ನೋಡು ಎನ್ನುತ್ತಿದ್ದೆ. ಇವಳು ಆ ಓಣಿಯವಳೆಂದು ಕಳ್ಳತನ ಎಂದುಕೊಂಡೆ. ಅವಳ ಎದುರು ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ, ನಾಚಿಕೆಯಾಗುತ್ತದೆ.

ನಾನು ಬರೆದ ಕಾಗದವನ್ನು ಶಿವರಾಯರು ನನ್ನ ಕೈಯಿಂದಲೇ ಹರಿದು ಹಾಕಿಸಿದರು. ಹೊಸ ಮಷೀನು ಬಂತು. ರಮಾಬಾಯಿ ಈಗಲೂ ಮನೆಮನೆಗೆ ಹೋಗುತ್ತಾಳೆ, ಮುದುಕರ ಹೆಬ್ಬೆಟ್ಟಿಗೆ ಎಣ್ಣೆ ಹಚ್ಚುತ್ತಾಳೆ. ಸಂಜೆ ಬಂದು ಮಷೀನನ್ನು ನನ್ನ ಮೇಜಿನ ಮೇಲಿಡುತ್ತಾಳೆ, ಅದರ ಪಕ್ಕ ಒಂದು ನೋಟ್‌ಬುಕ್ಕು ಬಿಚ್ಚಿಡುತ್ತಾಳೆ.

"ತಗೊಂಡೇನಿ ಅಂತ ಸಹಿ ಮಾಡ್ರಿ ಸರ್."

ಮಾಡುತ್ತೇನೆ.

"ಟೈಮೂ ಬರೀರಿ."

ಬರೆಯುತ್ತೇನೆ.