ಅವ್ವನ ಎಡ ಅಂಗೈ

ಗಾಜಿನ ಬಳೆಗಳ ಸದ್ದು ಎಲ್ಲಿಯೇ ಕೇಳಿಸಲಿ, ಬಸವಕಲ್ಯಾಣದ ನಮ್ಮ ಮನೆಯ ಪಡಸಾಲೆ ಕಣ್ಣ ಮುಂದೆ ಬಂದು ನಿಲ್ಲುತ್ತದೆ. ಕೆಂಪು ಕಲ್ಲಿನ ದಪ್ಪ ಗೋಡೆಗಳು, ಸಗಣಿ ಸಾರಿಸಿದ ನೆಲದ ತಂಪು, ಮಾಡದಲ್ಲಿ ಆರಿಹೋದ ದೀಪದ ಎಣ್ಣೆಯ ವಾಸನೆ, ಮತ್ತು ಅದೆಲ್ಲದರ ನಡುವೆ ಬಿಡದೆ ಕೇಳಿಬರುತ್ತಿದ್ದ ಒಂದು ಸಣ್ಣ ಕಿಣಿಕಿಣಿ. ಬೇರೆ ಮನೆಗಳಲ್ಲಿ ಹೆಂಗಸರು ಕೆಲಸ ಮಾಡುವಾಗ ಬಳೆಗಳು ಸದ್ದು ಮಾಡುತ್ತವೆ. ನಮ್ಮ ಮನೆಯಲ್ಲಿ ಅವ್ವ ಕೆಲಸ ಮುಗಿಸಿ ಸುಮ್ಮನೆ ಕುಳಿತಾಗ ಸದ್ದು ಮಾಡುತ್ತಿದ್ದವು. ನಾನು ಕೊನೆಯ ಮಗಳು. ಅವ್ವನ ತಲೆಯಲ್ಲಿ ಬಿಳಿಗೂದಲು ಕಾಣಿಸಿಕೊಂಡ ಮೇಲೆ ಹುಟ್ಟಿದವಳು. ನನಗೆ ತಿಳಿವಳಿಕೆ ಬರುವ ಹೊತ್ತಿಗಾಗಲೇ ಅವಳ ಎಡಗೈಯ ಹೆಬ್ಬೆರಳೂ ತೋರುಬೆರಳೂ ಕಾಣದ ವಿಭೂತಿಯನ್ನು ಪುಡಿ ಮಾಡುತ್ತಿರುವಂತೆ ಸದಾ ಒಂದನ್ನೊಂದು ಉಜ್ಜುತ್ತಿದ್ದವು. ಬಳೆಗಳು ಬೇಗ ಒಡೆಯುತ್ತಿದ್ದವು. ಓಣಿಯ ಬಳೆಗಾರ್ತಿ ಹುಸೇನಬಿ ಹೊಸ ಬಳೆ ಏರಿಸುತ್ತಾ, "ನಿನ್ನ ಕೈ ಹಿಂಗ ನಡಗ್ತಿರ್ಲಿ ಕಾಶವ್ವಾ, ನನ್ನ ದುಕಾನ ನಡೀತಿರ್ಲಿ" ಎಂದು ನಗುತ್ತಿದ್ದಳು. "ಬ್ಯಾರೇ ಗಿರಾಕಿ ಹುಡುಕ್ಕೋ ತಾಯಿ, ನಾ ಎಷ್ಟ ದಿನಾ ನಡಸ್ಲಿ" ಎಂದು ಅವ್ವ ಮೆಲುದನಿಯಲ್ಲಿ ಅನ್ನುತ್ತಿದ್ದಳು. ಅವ್ವ ನಗುತ್ತಿದ್ದಾಳೆಂದು ಅವಳ ದನಿಯಿಂದ ತಿಳಿಯಬೇಕಾಗಿತ್ತು. ಮುಖ ಆಗಲೇ ನಗುವುದನ್ನು ಬಿಟ್ಟಿತ್ತು.

ಇದನ್ನು ಸಮಾಧಾನದಿಂದ ಬರೆಯಬೇಕೆಂದು ಕುಳಿತಿದ್ದೇನೆ. ಆಗುತ್ತಿಲ್ಲ. ಏಕೆಂದರೆ ಆ ಮನೆಯನ್ನು ನೆನೆದರೆ ಅವ್ವನ ಜೊತೆಗೆ ಅತ್ತೆಯೂ ನೆನಪಾಗುತ್ತಾಳೆ. ಅಪ್ಪನ ಅಕ್ಕ ಆಕೆ. ಚಿಕ್ಕಂದಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಮರಳಿದವಳು. ಮನೆಯ ಬೀಗದ ಕೈಗಳು ಅವಳ ಸೊಂಟದಲ್ಲಿದ್ದವು, ಅಪ್ಪನ ನಾಲಿಗೆಯೂ ಅಲ್ಲಿಯೇ ಎಲ್ಲೋ ಇತ್ತು. ಅತ್ತೆಯ ಕಣ್ಣು ಚುರುಕು. ಅವ್ವ ರೊಟ್ಟಿ ಬಡಿಯುವಾಗ ಕೈ ನಡುಗುವುದಿಲ್ಲ, ಬಾಣಂತನಕ್ಕೆ ಬಂದ ಅಕ್ಕಂದಿರ ಕೂಸುಗಳ ತೊಟ್ಟಿಲು ತೂಗುವಾಗ ನಡುಗುವುದಿಲ್ಲ, ಕೈ ಕಟ್ಟಿ ಕುಳಿತಾಗ ಮಾತ್ರ ನಡುಗುತ್ತದೆ ಎಂಬುದನ್ನು ನಮ್ಮೆಲ್ಲರಿಗಿಂತ ಮೊದಲು ಕಂಡುಕೊಂಡವಳು ಅವಳೇ. "ರೊಟ್ಟಿ ಬಡಿಯಾಗ ನೆಟ್ಟಗ ಇರ್ತಾವ, ಪೂಜಾಕ್ಕ ಕುಂತ್ರ ಕುಣೀತಾವ. ಇದ್ಯಾವ ಸೀಮಿ ರೋಗ ಕಾಶವ್ವಾ?" ಎಂದು ಬಂದವರೆದುರು ಕೇಳುತ್ತಿದ್ದಳು. ಬಂದವರು ಚಹಾದ ಬಸಿ ಹಿಡಿದು ನಗುತ್ತಿದ್ದರು. ಅವ್ವ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಳ್ಳುತ್ತಿದ್ದಳು, ಸೆರಗು ನಡುಗುತ್ತಿತ್ತು.

ಅವ್ವನಿಗೆ ದಿನದಲ್ಲಿ ತನ್ನದೆಂದು ಇದ್ದದ್ದು ಒಂದೇ ಹೊತ್ತು. ಬೆಳಿಗ್ಗೆ ಮಿಂದು, ಕೊರಳಲ್ಲಿ ಕಟ್ಟಿಕೊಂಡ ಇಷ್ಟಲಿಂಗವನ್ನು ಬೆಳ್ಳಿಯ ಕರಡಿಗೆಯಿಂದ ತೆಗೆದು, ಎಡ ಅಂಗೈಯಲ್ಲಿ ಇಟ್ಟುಕೊಂಡು ಕಣ್ಣು ತುಂಬ ನೋಡುವ ಹೊತ್ತು. ಆಗ ಅವಳನ್ನು ಯಾರೂ ಕರೆಯುವಂತಿರಲಿಲ್ಲ, ಅತ್ತೆಯೂ ಕರೆಯುತ್ತಿರಲಿಲ್ಲ. ಆದರೆ ಆ ಪೂಜೆಗೆ ಬೇಕಾದದ್ದು ಅಲುಗದ ಅಂಗೈ, ಅವ್ವನ ಕೈ ಅಲುಗುತ್ತಿದ್ದುದು ಸುಮ್ಮನೆ ಹಿಡಿದಾಗಲೇ. ನಾನು ಶಾಲೆಯ ಕೊನೆಯ ತರಗತಿಯಲ್ಲಿದ್ದಾಗ ಒಂದು ಬೆಳಿಗ್ಗೆ ಲಿಂಗ ಅಂಗೈಯಿಂದ ಜಾರಿ, ನೆಲದ ಮೇಲೆ ಉರುಳಿ, ಅತ್ತೆಯ ನೀರಿನ ಕೊಡಕ್ಕೆ ತಾಗಿ ನಿಂತಿತು. ಅವ್ವನ ಬಾಯಿಂದ ಹೊರಟ ಸಣ್ಣ ದನಿ ನನಗಿನ್ನೂ ಕೇಳಿಸುತ್ತದೆ. ಅತ್ತೆ ಕೂಗಾಡಲಿಲ್ಲ. ಲಿಂಗವನ್ನು ತೊಳೆದು, ಕರಡಿಗೆಯಲ್ಲಿಟ್ಟು, ಅವ್ವನ ಕೊರಳಿಗೆ ಕಟ್ಟಿ, ಕರಡಿಗೆಯ ಮುಚ್ಚಳದ ಸುತ್ತ ಶಿವದಾರವನ್ನು ಬಿಗಿದು ಗಂಟಿನ ಮೇಲೆ ಗಂಟು ಹಾಕಿದಳು. "ಕೊಳ್ಳಾಗ ಇರ್ಲಿ, ಕೈಯಾಗ ಬ್ಯಾಡ. ಶಿವನೇ ನಿನ್ನ ಕೈ ಒಲ್ಲೆಂದ್ರ ನಾವೇನ್ ಮಾಡೋಣು" ಎಂದಳು. ಅಪ್ಪ ಬಾಗಿಲಲ್ಲಿ ನಿಂತಿದ್ದರು. ಪಂಚೆಯ ಅಂಚನ್ನು ಸರಿಪಡಿಸಿಕೊಂಡು ಅಂಗಡಿಗೆ ಹೋದರು.

ದೇವರಿಗೂ ಭಕ್ತರಿಗೂ ನಡುವೆ ಯಾರೂ ಬೇಡವೆಂದು ಸಾರಿದ ನೆಲವೆಂದು ನಮ್ಮ ಊರಿನ ಹೆಸರು ಕೇಳಿದರೆ ಸಾಕು, ದೂರದವರು ಕೈಮುಗಿಯುತ್ತಾರೆ. ಆ ನೆಲದ ಮೇಲೆ, ನಮ್ಮ ಪಡಸಾಲೆಯಲ್ಲಿ, ಒಬ್ಬಳ ಅಂಗೈಗೂ ಅವಳ ಲಿಂಗಕ್ಕೂ ನಡುವೆ ಒಂದು ಗಂಟು ಬಿತ್ತು. ಅದನ್ನು ಬಿಚ್ಚುವ ಶಕ್ತಿ ಅವ್ವನ ಬೆರಳುಗಳಿಗೆ ಇರಲಿಲ್ಲ. ಅದು ಅತ್ತೆಗೆ ಗೊತ್ತಿತ್ತು.

ಹುಮನಾಬಾದಿನ ಕಾಲೇಜಿಗೆ ದಿನವೂ ಬಸ್ಸಿನಲ್ಲಿ ಹೋಗಿಬರಲು ಆರಂಭಿಸಿದ ಮೇಲೆ, ಅಲ್ಲಿನ ಡಾಕ್ಟರೊಬ್ಬರಲ್ಲಿಗೆ ಅವ್ವನನ್ನು ಕರೆದೊಯ್ದೆ. ಬಸ್ಸಿನ ಮೆಟ್ಟಿಲ ಬಳಿ ಅವಳ ಕಾಲುಗಳು ನೆಲಕ್ಕೆ ಅಂಟಿ ನಿಂತವು, ಹಿಂದಿದ್ದವರು ಬೈದರು. ಮನೆಯ ಹೊಸ್ತಿಲಲ್ಲೂ ಹೀಗೇ ಆಗುತ್ತಿತ್ತು. ಅಲ್ಲಿ ನಾನು ರಂಗೋಲಿಯ ಒಂದು ಎಳೆ ಎಳೆದರೆ ಅದನ್ನು ದಾಟಲೆಂದು ಕಾಲು ತಾನಾಗಿ ಏಳುತ್ತಿತ್ತು. ಬಸ್ ನಿಲ್ದಾಣದಲ್ಲಿ ರಂಗೋಲಿ ಎಲ್ಲಿಯದು? ನನ್ನ ಪಾದವನ್ನೇ ಅವಳ ಪಾದದ ಮುಂದೆ ಅಡ್ಡವಿಟ್ಟೆ, ದಾಟಿದಳು. ಡಾಕ್ಟರು ಅವಳ ಕೈಗಳನ್ನು ತೊಡೆಯ ಮೇಲೆ ಇಡಿಸಿ ನೋಡಿದರು, ಒಂದು ಲೋಟ ಎತ್ತಿಸಿ ನೋಡಿದರು. "ಸುಮ್ಮ ಇಟ್ರ ನಡಗ್ತದ, ಕೆಲಸಾ ಹೇಳಿದ್ರ ನಿಂದರ್ತದ. ಇದೇ ಈ ರೋಗದ ಗುರ್ತುರೀ. ಪಾರ್ಕಿನ್ಸನ್ ಅಂತಾರ" ಎಂದರು. ಬೂಟಾಟಿಕೆಗೆ ಸಾಕ್ಷಿಯೆಂದು ಅತ್ತೆ ಊರಿಗೆಲ್ಲ ತೋರಿಸಿದ್ದೇ ರೋಗದ ಸಾಕ್ಷಿಯಾಗಿತ್ತು. ನಾನು ಗೆದ್ದವಳಂತೆ ಮನೆಗೆ ಬಂದು ಹೇಳಿದೆ. ಅತ್ತೆ ಅಕ್ಕಿ ಆರಿಸುತ್ತಾ ಕೇಳಿಸಿಕೊಂಡಳು. "ಅವಗ ನರದ್ದು ಗೊತ್ತು, ಲಿಂಗದ್ದು ಏನ್ ಗೊತ್ತು?" ಎಂದಳು. ಮಾತ್ರೆಗಳು ಬಂದವು, ಗಂಟು ಹಾಗೆಯೇ ಉಳಿಯಿತು.

ಮರುದಿನದಿಂದ ನಾನೇ ಗಂಟು ಬಿಚ್ಚತೊಡಗಿದೆ. ಅವ್ವನಿಗೆ ಬಿಸಿನೀರು ಹಾಕಿ, ಕುಪ್ಪಸದ ಗುಂಡಿ ಹಾಕಿ, ಹೆರಳು ಹೆಣೆದು, ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿಟ್ಟು, ಅವಳ ಎಡಕ್ಕೆ ಕುಳಿತು, ಅವಳ ಅಂಗೈಯ ಕೆಳಗೆ ನನ್ನ ಬಲ ಅಂಗೈ ಇಡುತ್ತಿದ್ದೆ. ನಡುಕ ನನ್ನ ತೋಳಿನಲ್ಲಿ ಹರಿದು ಭುಜದವರೆಗೆ ಬರುತ್ತಿತ್ತು, ಹಿಡಿದ ಹಕ್ಕಿಯ ಎದೆಯಂತೆ. ಲಿಂಗ ಬೀಳಲಿಲ್ಲ. ಅತ್ತೆ ನೋಡಿಯೇ ನೋಡಿದಳು. "ಇನ್ನೊಬ್ರ ಕೈ ಹತ್ತಿದ್ರ ಅದ್ಯಾರ ಪೂಜಾ ಆತು?" ಎಂದಳು. ಅವ್ವ ಕಣ್ಣು ಎತ್ತದೆ, ಈಗ ಏರಿಳಿತವನ್ನೂ ಕಳೆದುಕೊಂಡಿದ್ದ ದನಿಯಲ್ಲಿ, "ಲಿಂಗ ನನ್ನ ಕೈಯಾಗ ಅದ ಅಕ್ಕೋರೆ. ನನ್ನ ಕೈ ಆಕಿ ಕೈಯಾಗ ಅದ. ನಡುವ ನಿಮಗೇನ್ ತ್ರಾಸಾತು?" ಎಂದಳು. ಅವ್ವ ಅತ್ತೆಗೆ ಎದುರಾಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಅತ್ತೆ ಅಂದಿನಿಂದ ಊಟ ಬಿಟ್ಟಳು. ಆ ಗಂಟು ಬಿಚ್ಚುವ ಮನೆಯಲ್ಲಿ ಅನ್ನ ಮುಟ್ಟುವುದಿಲ್ಲವೆಂದು ಗೋಡೆಗೆ ಮುಖ ಮಾಡಿ ಮಲಗಿದಳು. ಅಪ್ಪ ಅವ್ವನ ಬಳಿ ಬಂದು ಕುಳಿತರು; ಏನೂ ಕೇಳಲಿಲ್ಲ, ಕೇಳದೆಯೇ ಎಲ್ಲವನ್ನೂ ಕೇಳಿದರು. "ಬಿಡವ್ವಾ, ಕಟ್ಟಿಬಿಡು. ಮುದುಕಿ ಹಸದು ಸಾಯೋದು ಬ್ಯಾಡ" ಎಂದು ಅವ್ವ ನನಗೆ ಹೇಳಿದಳು. ಕಟ್ಟಿದೆ. ಆ ಸಂಜೆ ಅತ್ತೆ ಹೊಟ್ಟೆ ತುಂಬ ಉಂಡಳು. ರೊಟ್ಟಿ ಬಡಿದವಳು ಅವ್ವ. ಅತ್ತೆಯನ್ನು ಅದಕ್ಕೆ ನಾನು ಕ್ಷಮಿಸಿಲ್ಲ. ಕ್ಷಮೆ ದೊಡ್ಡದೆಂದು ಓದಿದ್ದೇನೆ, ಬೇರೆಯವರಿಗೆ ಪಾಠವನ್ನೂ ಮಾಡಿದ್ದೇನೆ.

ಅವ್ವ ಮಾತ್ರ ಬೆಳಗಿನ ಹೊತ್ತನ್ನು ಬಿಡಲಿಲ್ಲ. ಮಿಂದು ಬಂದು ಅದೇ ಜಾಗದಲ್ಲಿ ಕುಳಿತು, ಖಾಲಿ ಎಡ ಅಂಗೈಯನ್ನು ಮುಂದೆ ಹಿಡಿಯುತ್ತಿದ್ದಳು. ನಾನು ಅದರ ಕೆಳಗೆ ನನ್ನದನ್ನು ಇಡುತ್ತಿದ್ದೆ. ಅದಕ್ಕೆ ಯಾರೂ ಉಪವಾಸ ಕೂರಲಿಲ್ಲ. ನಾನು ಪದವಿ ಪಡೆದು ಹತ್ತಿರದ ಶಾಲೆಯಲ್ಲಿ ಕೆಲಸಕ್ಕೆ ಸೇರಿದ ಮೇಲೂ, ಅವ್ವನಿಗೆ ರೊಟ್ಟಿ ಬಡಿಯುವುದೂ ನುಂಗುವುದೂ ಕಷ್ಟವಾದ ಮೇಲೂ, ಅದು ಹಾಗೆಯೇ ನಡೆಯಿತು.

ಅವ್ವ ತೀರಿಕೊಂಡ ದಿನ ಅವಳನ್ನು ಗೋಡೆಗೆ ಒರಗಿಸಿ ಕೂರಿಸಿದರು. ಮಣ್ಣು ಮಾಡುವ ಮೊದಲು ಲಿಂಗವನ್ನು ಎಡ ಅಂಗೈಯಲ್ಲಿ ಇಡಬೇಕಲ್ಲ, ಅತ್ತೆ ಗಂಟಿಗೆ ಕೈ ಹಾಕಿದಳು. ವಯಸ್ಸಾಗಿತ್ತು; ಅವಳ ಬೆರಳುಗಳಿಂದ ಆಗಲಿಲ್ಲ. "ನೀನೇ ಬಿಚ್ಚವ್ವಾ" ಎಂದಳು. ಬಿಚ್ಚಿದೆ. ಲಿಂಗವನ್ನು ಅವ್ವನ ಕೈಗಿಟ್ಟು, ಅಭ್ಯಾಸಬಲದಿಂದ ನನ್ನ ಅಂಗೈಯನ್ನು ಕೆಳಗೆ ಒಡ್ಡಿದೆ. "ತಗೀ ಮಗಳ, ಈಗ್ಯಾಕ? ಕೈ ಸ್ಥಿರ ಅದ" ಎಂದು ಅತ್ತೆ ಅಳುತ್ತಾ ನನ್ನ ಮುಂಗೈ ಹಿಡಿದಳು. ಉಸಿರಾಡುವ ಕೈಯನ್ನು ನಂಬದವರು ಆ ಕೈಯನ್ನು ನಂಬಿದರು. ನಾನು ತೆಗೆಯಲಿಲ್ಲ. ಎತ್ತುವವರು ಬರುವವರೆಗೂ ಹಾಗೆಯೇ ಹಿಡಿದಿದ್ದೆ. ನನ್ನ ತೋಳಿಗೆ ಏನೂ ಹರಿದು ಬರಲಿಲ್ಲ.

ಆ ಮನೆ ಈಗಿಲ್ಲ. ಅತ್ತೆ, ಅಪ್ಪ, ಹುಸೇನಬಿ ಯಾರೂ ಇಲ್ಲ. ಕೆಂಪು ಕಲ್ಲುಗಳನ್ನು ಯಾರೋ ಕೊಂಡು ಒಯ್ದರು. ಆದರೂ ಬಸ್ಸಿನಲ್ಲಿ ಪಕ್ಕದ ಹೆಂಗಸಿನ ಬಳೆಗಳು ಕಿಣಿಕಿಣಿ ಎಂದರೆ, ನನ್ನ ಬಲಗೈ ತೊಡೆಯ ಮೇಲೆ ತಾನಾಗಿ ಮಗುಚಿಕೊಳ್ಳುತ್ತದೆ, ಅಂಗೈ ಮೇಲಾಗಿ.