ಅಪ್ಪನ ಕಾರಿನ ರೋಟರ್

ಕಿತ್ತುಹೋದ ಗುಂಡಿಗೆ ಜೋಡಿ ಹುಡುಕಲು ಇವತ್ತು ಅವ್ವನ ಹೊಲಿಗೆ ಡಬ್ಬಿ ಸುರುವಿದೆ. ಗುಂಡಿಗಳ ನಡುವೆ ಹೆಬ್ಬೆರಳು ಗಾತ್ರದ, ಹಿತ್ತಾಳೆ ನಾಲಿಗೆಯ ಕಂದು ತುಂಡೊಂದು ಬಿತ್ತು. ನೋಡಿದ ಕೂಡಲೇ ಗುರುತು ಹತ್ತಿತು.

ನಾನು ಸಣ್ಣವಳಿದ್ದಾಗ ಅಪ್ಪನ ಹತ್ತಿರ ಎರಡೇ ಸೀಟಿನ ಹಳೆಯ ಇಂಗ್ಲಿಷ್ ಕಾರಿತ್ತು. ಅದರ ವಿಷಯದಲ್ಲಿ ಅವರು ಯಾರನ್ನೂ ನಂಬುತ್ತಿರಲಿಲ್ಲ. ಖಾಸಬಾಗದ ಮೇಸ್ತ್ರಿ ರಬ್ಬರ್ ನಳಿಗೆಗೆ ಕಿವಿಗೊಟ್ಟು ಎಂಜಿನ್ನಿನ ಎರಡೂ ಕಾರ್ಬ್ಯುರೇಟರುಗಳು ಗಾಳಿ ಎಳೆಯುವ ಉಸಿರು ಸರಿಹೊಂದಿಸಿದರೆ, ಅಪ್ಪ ನಳಿಗೆ ಕಸಿದುಕೊಂಡು ತಾವೂ ಕೇಳುತ್ತಿದ್ದರು. ಮನೆಗೆ ಬಂದೊಡನೆ, ಕಳ್ಳರು ಕಾರು ಒಯ್ಯಬಾರದೆಂದು, ಪ್ಲಗ್ಗುಗಳಿಗೆ ಕಿಡಿ ಹಂಚುವ ಈ ರೋಟರನ್ನೇ ಬಿಚ್ಚಿ ಕಿಸೆಗೆ ಹಾಕಿಕೊಳ್ಳುತ್ತಿದ್ದರು. ರವಿವಾರ ಮಾತ್ರ ಇಸ್ತ್ರಿ ಅಂಗಿ ತೊಟ್ಟು, "ಗಾಡಿ ಟೆಸ್ಟ್ ಮಾಡಿ ಬರ್ತೀನಿ" ಎಂದು ಒಬ್ಬರೇ ಖಾನಾಪುರಕ್ಕೆ ಹೊರಡುತ್ತಿದ್ದರು.

ಒಂದು ರವಿವಾರ ಕಿಸೆಯಲ್ಲಿ ರೋಟರ್ ಇರಲಿಲ್ಲ. ಅಪ್ಪ ಮೇಸ್ತ್ರಿಯನ್ನು ಕರೆಸಿದರು.

"ನಿನ್ನೆ ನೀ ಗಾಡಿ ನೋಡಾಕ ಬಂದಾಗ ಗಾಡ್ಯಾಗ ಮರತು ಬಿಟ್ಟಿದ್ದೆ. ನೀನ ತಗದಿ."

"ನೀವು ಅದನ್ನ ಎಂದರ ಮರತೀರೇನ್ರಿ, ಸಾಹೇಬ್ರ?" ಎಂದ ಮೇಸ್ತ್ರಿ, ನಳಿಗೆ ಸುತ್ತಿಕೊಂಡು ಹೋದವನು ಮತ್ತೆ ಬರಲಿಲ್ಲ. ಒಳಗೆ ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ಅಂಥ ರೋಟರ್ ಬೇರೆಲ್ಲೂ ಸಿಗದೆ ಕಾರು ನಿಂತಲ್ಲೇ ನಿಂತಿತು. ಮೇಸ್ತ್ರಿ ಕಳ್ಳನೆಂದೇ ನಾನು ಇಷ್ಟು ವರ್ಷ ನಂಬಿದ್ದೆ.

ತುಂಡನ್ನು ಅವ್ವನ ಮುಂದೆ ಹಿಡಿದೆ. ಆಕೆ ಅದನ್ನು ಸೆರಗಿನಿಂದ ಒರೆಸಿ, ಮತ್ತೆ ಗುಂಡಿಗಳ ಅಡಿಗೆ ಸರಿಸಿದಳು.

"ಇಸ್ತ್ರಿ ಅಂಗಿ ಹಾಕ್ಕೊಂಡು ಗಾಡಿ ಟೆಸ್ಟ್ ಮಾಡೋರನ್ನ ನೀ ಎಲ್ಲ್ಯರ ನೋಡೀಯೇನು?" ಎಂದಳು.