ಹಳೆ ಚಿತ್ರಕಥೆಗಳ ಟ್ರಂಕು

ಮದುವೆಯಾಗಿ ಎರಡು ವರ್ಷ ಕಳೆದರೂ ನಾನು ಮತ್ತು ನಿಮ್ಮ ಮುತ್ಯಾ ಒಂದೇ ಊರಿನಲ್ಲಿ ಸಂಸಾರ ಮಾಡಿರಲಿಲ್ಲ. ನಾನು ಮೋರಟಗಿಯಲ್ಲಿ ಅತ್ತೆಯ ಜೊತೆಗಿದ್ದೆ. ಅವರು ಸಿಂದಗಿಯ ಬಸ್ ನಿಲ್ದಾಣದ ಎದುರಿಗೆ ಒಂದು ಡಬ್ಬಿ ಅಂಗಡಿ ಇಟ್ಟುಕೊಂಡು ಪೇಪರು, ವಾರಪತ್ರಿಕೆ, ಮಕ್ಕಳ ಪುಸ್ತಕ ಮಾರುತ್ತಿದ್ದರು. ವಿಜಾಪುರದಿಂದ ಪೇಪರಿನ ಕಟ್ಟು ನಸುಕಿನ ಬಸ್ಸಿಗೆ ಬರುತ್ತಿದ್ದುದರಿಂದ ಅಂಗಡಿಯಲ್ಲೇ ಹಲಗೆಯ ಮೇಲೆ ಮಲಗುತ್ತಿದ್ದರು. ರವಿವಾರ ಮಧ್ಯಾಹ್ನ ಊರಿಗೆ ಬಂದರೆ ಸಂಜೆಯ ಬಸ್ಸಿಗೆ ಮತ್ತೆ ಹೊರಡುವರು. ಸಿಂದಗಿಯಲ್ಲಿ ಒಂದು ಬಾಡಿಗೆ ಖೋಲಿ ಹಿಡಿದು ನನ್ನನ್ನು ಕರೆದುಕೊಂಡು ಹೋಗುವುದಾಗಿ ಮದುವೆಯ ಹೊಸತರಲ್ಲಿ ಹೇಳಿದ್ದರು. ಯಾವಾಗ ಎಂದು ನಾನು ಒಮ್ಮೆಯೂ ಕೇಳಲಿಲ್ಲ. ಕೇಳುವ ಬಾಯಿ ನನಗಿರಲಿಲ್ಲ. ಆದರೆ ಆ ಕಾಣದ ಖೋಲಿಯ ಗೋಡೆಗೆ ಎಲ್ಲಿ ಮೊಳೆ ಹೊಡೆಯಬೇಕು ಎಂಬುದನ್ನು ಕೂಡ ಮನಸ್ಸಿನಲ್ಲೇ ಗೊತ್ತು ಮಾಡಿಟ್ಟುಕೊಂಡಿದ್ದೆ.

ಆಗ ಚಿತ್ರಕಥೆಯ ಪುಸ್ತಕಗಳು ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದವು. ತೆಳ್ಳಗಿನ ಪುಸ್ತಕ, ಬಣ್ಣದ ಮುಖಪುಟ, ಒಳಗೆ ಪ್ರತಿ ಪುಟಕ್ಕೂ ಆರೇಳು ಚಿತ್ರ. ಮಾರಾಟವಾಗದೆ ಉಳಿದವುಗಳ ಮುಖಪುಟವನ್ನು ಕತ್ತರಿಸಿ ಏಜೆಂಟರಿಗೆ ವಾಪಸು ಕಳಿಸಬೇಕು, ಆಗ ಅಷ್ಟು ದುಡ್ಡನ್ನು ಅವರು ಬಿಡುತ್ತಿದ್ದರು. ಮುಖಪುಟ ಹೋದ ಪುಸ್ತಕ ರದ್ದಿಗೆ ಹೋಗುತ್ತಿತ್ತು. ಎಲ್ಲ ಅಂಗಡಿಯವರೂ ಹೀಗೆಯೇ ಮಾಡುತ್ತಿದ್ದರು. ಆದ್ದರಿಂದಲೇ ಈ ಕಡೆ ಹಳೆಯ ಸಂಚಿಕೆ ಮುಖಪುಟದೊಂದಿಗೆ ಸಿಗುವುದು ಅಪರೂಪವಾಗಿತ್ತು.

ಒಂದು ಮಳೆಗಾಲದಲ್ಲಿ ಬಸವನ ಬಾಗೇವಾಡಿ ಕಡೆಯ ದನದ ದವಾಖಾನೆಯ ಕಂಪೌಂಡರ್ ಒಬ್ಬರು ಬಸ್ಸಿಗೆ ಕಾಯುತ್ತ ಅಂಗಡಿಗೆ ಬಂದರು. ಮುಖಪುಟ ಕತ್ತರಿಸಲು ಮರೆತು ಹಲಗೆಯ ಕೆಳಗೆ ಬಿದ್ದಿದ್ದ ಆರು ತಿಂಗಳು ಹಳೆಯ ಸಂಚಿಕೆಯೊಂದನ್ನು ನೋಡಿ, ಅದಕ್ಕೆ ಅಚ್ಚಾದ ಬೆಲೆಯ ನಾಲ್ಕು ಪಟ್ಟು ಕೊಟ್ಟು ತೆಗೆದುಕೊಂಡರು. ಅವರು ಮೊದಲ ಸಂಚಿಕೆಯಿಂದ ಎಲ್ಲವನ್ನೂ ಕೂಡಿಡುವವರು. ರಸಗೊಬ್ಬರದ ಚೀಲದ ಒಳಗಿರುತ್ತದಲ್ಲ, ಆ ತಿಳಿ ಪ್ಲಾಸ್ಟಿಕ್ಕನ್ನು ತೊಳೆದು, ಅಳತೆಗೆ ಕತ್ತರಿಸಿ, ಒಂದೊಂದು ಪುಸ್ತಕಕ್ಕೆ ಒಂದೊಂದು ಹೊದಿಕೆ ಮಾಡಿಟ್ಟಿದ್ದರಂತೆ. ಇವರಂಥವರು ಇಂಡಿಯಲ್ಲಿ ಇಬ್ಬರು, ಮುದ್ದೇಬಿಹಾಳದಲ್ಲಿ ಒಬ್ಬರು ಇದ್ದಾರೆ ಎಂದೂ ಹೇಳಿ ಹೋದರು.

ನಿಮ್ಮ ಮುತ್ಯಾನ ತಲೆಯಲ್ಲಿ ಅಂದೇ ಲೆಕ್ಕ ಶುರುವಾಯಿತು. ರವಿವಾರ ಬಂದವರೇ ಅತ್ತೆಗೆ ಹೇಳಿದರು.

“ಯವ್ವಾ, ತೊಗರಿ ರಾಶಿ ಆದ ಕೂಡಲೇ ಮಾರಿದ್ರ ಏನ್ ಸಿಗತೈತಿ? ತಡದ ಮಾರಬೇಕು. ಇವೂ ಹಂಗ. ಇನ್ನ ಮುಂದ ನಾ ಮುಖಪುಟ ಕತ್ತರಸಂಗಿಲ್ಲ.”

“ತೊಗರಿ ಹೋಗಲಿಲ್ಲಂದ್ರ ಬ್ಯಾಳಿ ಮಾಡಿ ಉಣ್ಣಾಕ ಬರತೈತಿ,” ಎಂದರು ಅತ್ತೆ. “ಇವನ್ನ ಕುದಿಸಿ ಉಣ್ಣಾಕ ಬರತೈತೇನ?”

“ಇದರಾಗ ಖೋಲಿ ಬರತೈತಿ.”

ನಾನು ಒಲೆಯ ಮುಂದೆ ಕುಳಿತು ರೊಟ್ಟಿ ತಿರುವಿ ಹಾಕುವುದನ್ನು ಮರೆತೆ.

ಅಂದಿನಿಂದ ಉಳಿದ ಪುಸ್ತಕಗಳನ್ನು ವಾಪಸು ಕಳಿಸುವುದು ನಿಂತಿತು. ಅಷ್ಟೇ ಅಲ್ಲ, ಮಧ್ಯಾಹ್ನ ಗಿರಾಕಿ ಕಡಿಮೆಯಾದಾಗ ಅಂಗಡಿ ಮುಚ್ಚಿ ಸುತ್ತಲಿನ ಊರುಗಳಿಗೆ ಹುಡುಕಿಕೊಂಡು ಹೋಗತೊಡಗಿದರು. ಇಂಡಿಯ ಭಜಿ ಅಂಗಡಿಯವನು ಹಾಳೆ ಹರಿದು ಭಜಿ ಕಟ್ಟುವುದಕ್ಕೆ ಇಟ್ಟುಕೊಂಡಿದ್ದ ಕಟ್ಟಿನಿಂದ ಮುಖಪುಟ ಇದ್ದ ಹದಿಮೂರು ಪುಸ್ತಕ ಬಿಡಿಸಿ ತಂದರು. ಮುದ್ದೇಬಿಹಾಳದಲ್ಲಿ ಕ್ಷೌರದ ಅಂಗಡಿಯವನು ಗಿರಾಕಿಗಳ ಹೊತ್ತು ಹೋಗಲೆಂದು ಬೆಂಚಿನ ಮೇಲೆ ಇಟ್ಟಿದ್ದ ಏಳು ಪುಸ್ತಕಕ್ಕೆ ಬದಲಾಗಿ ಇಪ್ಪತ್ತು ವಾರಪತ್ರಿಕೆ ಕೊಟ್ಟು ಬಂದರು. ಬಸ್ಸಿನ ಖರ್ಚು ಬೇರೆ. ಬಂದದ್ದನ್ನೆಲ್ಲ ಮೋರಟಗಿಗೆ ತಂದು ನನ್ನ ಮದುವೆಯ ಟ್ರಂಕಿನಲ್ಲಿ ತುಂಬಿಸಿದರು. ನನ್ನ ಸೀರೆಗಳು ಗೂಟಕ್ಕೆ ಹೋದವು.

“ತಗೀಬ್ಯಾಡ, ಓದಬ್ಯಾಡ,” ಎಂದು ನನಗೆ ಹೇಳಿದರು. “ಒಂದ ಮಡಿಕಿ ಬಿತ್ತಂದ್ರ ಅರ್ಧ ಕಿಮ್ಮತ್ತು ಹೋಗತೈತಿ.”

ನಾನು ಹೂಂ ಎಂದೆ. ಇದು ನಾನು ಪಾಲಿಸದ ಮಾತು. ಊರ ಸಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದವಳು ನಾನು. ಆ ಮನೆಯಲ್ಲಿ ಗೋಡೆಯ ಕ್ಯಾಲೆಂಡರ್ ಬಿಟ್ಟರೆ ಓದುವುದಕ್ಕೆ ಬೇರೇನೂ ಇರಲಿಲ್ಲ. ಅತ್ತೆ ಮಧ್ಯಾಹ್ನ ಅಡ್ಡಾದ ಮೇಲೆ ಕೈ ತೊಳೆದು, ಒರೆಸಿ, ಅವು ಪೂರ್ತಿ ಆರಿದ್ದನ್ನು ನೋಡಿಕೊಂಡು ಟ್ರಂಕು ತೆಗೆಯುತ್ತಿದ್ದೆ. ಪುಸ್ತಕವನ್ನು ಪೂರ್ತಿ ಬಿಚ್ಚುತ್ತಿರಲಿಲ್ಲ. ಬಾಗಿಲನ್ನು ಸ್ವಲ್ಪವೇ ಸರಿಸಿ ಹೊರಗೆ ಯಾರು ಬಂದರೆಂದು ನೋಡುತ್ತೇವಲ್ಲ, ಅಷ್ಟು ತೆರೆದು ಓದುತ್ತಿದ್ದೆ. ಓದಿದ್ದನ್ನು ಅದರ ಜಾಗದಲ್ಲೇ ಇಡುತ್ತಿದ್ದೆ. ವರ್ಷ ಕಳೆಯುವ ಹೊತ್ತಿಗೆ ನೂರಾ ಹದಿನೇಳು ಪುಸ್ತಕ ಆಗಿದ್ದವು. ಒಂದರಲ್ಲೂ ಮಡಿಕೆ ಬಿದ್ದಿರಲಿಲ್ಲ.

ಹುಳ ಬೀಳದಿರಲಿ ಎಂದು ಜೋಳಕ್ಕೆ ಹಾಕುವಂತೆ ಒಣಗಿದ ಬೇವಿನ ಎಲೆ ಹಾಕಿದ್ದೆವು. ಅದರಿಂದ ಕೆಡುಕಾಗಲಿಲ್ಲ. ಕೆಡುಕಾದದ್ದು ಮಹಾನವಮಿಯ ದಿನ.

ಅಂದು ಖಂಡೆ ಪೂಜೆ. ಕುಡುಗೋಲು, ಕುರ್ಚಗಿ, ಕೊಡಲಿ, ಒನಕೆ ಎಲ್ಲವನ್ನೂ ತೊಳೆದು ಸಾಲಾಗಿ ಇಟ್ಟು ಪೂಜೆ ಮಾಡುವುದು ಪದ್ಧತಿ. ಯಾರ ಹೊಟ್ಟೆಪಾಡು ಯಾವುದರಿಂದ ನಡೆಯುತ್ತದೋ ಅದಕ್ಕೆ ಅಂದು ಪೂಜೆ ಆಗಲೇಬೇಕು. ನಿಮ್ಮ ಮುತ್ಯಾ ಸಿಂದಗಿಯಲ್ಲಿ ತಮ್ಮ ಅಂಗಡಿಯ ಪೂಜೆಯಲ್ಲಿದ್ದರು. ಇಲ್ಲಿ ಕುಡುಗೋಲಿನ ಪೂಜೆ ಮುಗಿಯುತ್ತಲೇ ಅತ್ತೆ ಟ್ರಂಕಿನ ಕಡೆ ನೋಡಿದರು.

“ಒನಕಿಗೆ ಆತು, ಕುಡಗೋಲಿಗೆ ಆತು. ನನ್ನ ಮಗನ ಮಾಲಿಗೆ ಬ್ಯಾಡೇನ? ತಗೀ ಟ್ರಂಕ.”

ಮೇಲಿನ ಒಂದು ಪುಸ್ತಕಕ್ಕೆ ವಿಭೂತಿ ಹಚ್ಚಿ ಮುಗಿಸುತ್ತಾರೆ ಎಂದುಕೊಂಡೆ. ಅವರು ಹಾಗೆ ಮಾಡಲಿಲ್ಲ. “ಒಂದಕ್ಕ ಹಚ್ಚಿ ಒಂದಕ್ಕ ಬಿಟ್ರ ಹೆಂಗ ನಡೀತೈತಿ?” ಎಂದು ಒಂದೊಂದನ್ನೇ ಎತ್ತಿಕೊಂಡರು. ಮುಖಪುಟದಲ್ಲಿ ಗಂಡಸರ ಚಿತ್ರವಿದ್ದರೆ ನೀರಲ್ಲಿ ಕಲಸಿದ ವಿಭೂತಿಯನ್ನು ಮೂರು ಬೆರಳಿನಿಂದ ಹಣೆಗೆ ಎಳೆದರು. ಹೆಂಗಸರಿದ್ದರೆ ಕುಂಕುಮ. ಕುಂಕುಮ ಉದುರದೆ ನಿಲ್ಲಲಿ ಎಂದು ಮೊದಲು ಒಂದು ತೊಟ್ಟು ಎಣ್ಣೆ ಮುಟ್ಟಿಸಿದರು. ಒಂದು ದ್ವೀಪದ ರಾಣಿಯ ಚಿತ್ರ ಬಂದಾಗ, “ಹಣಿ ಬೋಳ ಬಿಟ್ಟಾರ ನೋಡ, ಪಾಪ,” ಎಂದು ದೊಡ್ಡದಾಗಿಯೇ ಇಟ್ಟರು. ಆಮೇಲೆ ಒಂದು ಹುಲಿ ಬಂತು.

“ಇದು ಗಂಡೋ, ಹೆಣ್ಣೋ?”

“ಗೊತ್ತಿಲ್ರಿ, ಅತ್ತಿ.”

“ಎರಡೂ ಹಚ್ಚತೇನಿ ಬಿಡು.”

ನಾನು ವಿಭೂತಿಯ ಬಟ್ಟಲು ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದೆ. ತಡೆಯಲಿಲ್ಲ ಎಂದಷ್ಟೇ ಹೇಳಿದರೆ ಅದು ಪೂರ್ತಿ ನಿಜವಾಗುವುದಿಲ್ಲ. ನನಗೂ ಅದು ಸರಿ ಎಂದೇ ಅನಿಸಿತ್ತು. ಕಣದಲ್ಲಿ ರಾಶಿಯನ್ನು ಪೂಜೆ ಮಾಡದೆ ಅಳೆಯುವುದಿಲ್ಲ. ಇದೂ ಒಂದು ರಾಶಿಯೇ ತಾನೆ, ಖೋಲಿಯ ರಾಶಿ, ಎಂದುಕೊಂಡಿದ್ದೆ. ತಳದಲ್ಲಿ ಇನ್ನು ಒಂಬತ್ತು ಪುಸ್ತಕ ಉಳಿದಿದ್ದಾಗ ಕರು ಹಗ್ಗ ಬಿಡಿಸಿಕೊಂಡಿದೆ ಎಂದು ಹೊರಗಿನಿಂದ ಯಾರೋ ಕೂಗಿದರು. ಅತ್ತೆ ಎದ್ದು ಹೋದರು. ಆ ಒಂಬತ್ತು ಹಾಗೆಯೇ ಉಳಿದವು.

ನಡುವೆ ಊರಿಗೆ ಬಂದಾಗ ನಿಮ್ಮ ಮುತ್ಯಾ ಟ್ರಂಕು ತೆಗೆದು ನೋಡಿರಲಿಲ್ಲ. ದೀಪಾವಳಿ ಕಳೆದ ಮೇಲೆ ಒಂದು ರವಿವಾರ ಆ ಕಂಪೌಂಡರನ್ನು ಕರೆದುಕೊಂಡೇ ಬಂದರು. ಟ್ರಂಕು ಪೂರ್ತಿ ಅವರೇ ತೆಗೆದುಕೊಳ್ಳುವುದು, ತಮಗೆ ಬೇಡವಾದದ್ದನ್ನು ಇಂಡಿ, ಮುದ್ದೇಬಿಹಾಳದವರಿಗೆ ಕೊಡುವುದು ಎಂದು ಮಾತಾಗಿತ್ತು. ಖೋಲಿಯನ್ನೂ ನೋಡಿಟ್ಟಿದ್ದರು. ಬಸ್ ನಿಲ್ದಾಣದ ಹಿಂದಿನ ಓಣಿ, ಒಂದು ಕಿಟಕಿ, ನೀರು ಹತ್ತಿರ. ಹೊಸ್ತಿಲು ದಾಟುತ್ತ ನನಗಷ್ಟೇ ಕೇಳುವಂತೆ ಇದನ್ನು ಹೇಳಿದರು.

ಬಂದವರು ದನದ ದವಾಖಾನೆಯವರು ಎಂದು ತಿಳಿದ ಕೂಡಲೇ ಅತ್ತೆ ಅವರನ್ನು ಕೂರಗೊಡಲಿಲ್ಲ.

“ನಾಕ ದಿನಾತ್ರಿ, ಎಮ್ಮಿ ಸರಿಯಾಗಿ ಮೇಯವಲ್ದು. ಸ್ವಲ್ಪ ನೋಡ್ರಿ.”

“ನಾ ಪುಸ್ತಕ ನೋಡಾಕ ಬಂದೇನ್ರಿ, ಅವ್ವಾರ.”

“ಪುಸ್ತಕ ಎಲ್ಲಿಗೂ ಓಡಿ ಹೋಗಂಗಿಲ್ರಿ.”

ಅವರು ಎಮ್ಮೆಯ ಬಾಯಿ ಬಿಡಿಸಿ ನಾಲಿಗೆ ನೋಡಿ, ಏನೋ ಪುಡಿ ಹೇಳಿ, ಕೈ ತೊಳೆದುಕೊಂಡು ಬಂದು ಕೌದಿಯ ಮೇಲೆ ಕುಳಿತರು. ಟ್ರಂಕು ತೆಗೆದರು. ಮೊದಲ ಪುಸ್ತಕವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹಾಗೆಯೇ ಹಿಡಿದುಕೊಂಡಿದ್ದರು. ಎರಡನೆಯದು, ಮೂರನೆಯದು. ರಾಣಿಯ ಹಣೆಯ ಕುಂಕುಮ ಎಣ್ಣೆಯೊಂದಿಗೆ ಹರಡಿ ಹಿಂದಿನ ನಾಲ್ಕು ಹಾಳೆಗೆ ಇಳಿದಿತ್ತು.

“ಇದೇನ್ರಿ ಇದು?”

“ಪೂಜಿ ಮಾಡೇವ್ರಿ,” ಎಂದರು ಅತ್ತೆ. ಹೆಮ್ಮೆಯಿಂದಲೇ ಹೇಳಿದರು.

ನಿಮ್ಮ ಮುತ್ಯಾ ಬಗ್ಗಿ ನೋಡಿದರು. ಅವರ ಮುಖವನ್ನು ನಾನು ಅಡುಗೆಮನೆಯ ಬಾಗಿಲ ಸಂದಿಯಿಂದ ನೋಡಿದೆ. ಬೈಯಬಹುದಿತ್ತು. ಬೈಯಲಿಲ್ಲ. ಟ್ರಂಕಿನ ಮುಚ್ಚಳದ ಮೇಲೆ ಕೈ ಇಟ್ಟುಕೊಂಡು ಕುಳಿತರು. ಈಗ ಅವರಿಲ್ಲ. ಇದ್ದಿದ್ದರೆ ಈ ಭಾಗವನ್ನು ನಗುತ್ತ ಹೇಳುತ್ತಿದ್ದರೇನೋ. ನನಗೆ ಈಗಲೂ ನಗು ಬರುವುದಿಲ್ಲ.

ಕಂಪೌಂಡರು ಒದ್ದೆ ಬಟ್ಟೆಯಿಂದ ಒಂದರ ಮೇಲೆ ಮೆಲ್ಲಗೆ ಒರೆಸಿ ನೋಡಿದರು. “ಹೋಗಂಗಿಲ್ಲ. ಒಳಗ ಇಳದೈತಿ,” ಎಂದು ಬದಿಗಿಟ್ಟರು. ಕೊನೆಗೆ ತಳದ ಒಂಬತ್ತು ಸಿಕ್ಕವು. ಅವರ ಕಣ್ಣು ಅರಳಿದ್ದು ಆಗಲೇ. ಅದರಲ್ಲೊಂದನ್ನು ಎತ್ತಿ, “ದ್ವೀಪದ ಕತಿ ಮೂರನೇ ಭಾಗ. ಇದ ಒಂದ ಉಳದಿತ್ತ ನೋಡ್ರಿ, ಕತಿ ಮುಗೀತು,” ಎಂದರು.

“ಮುಗಿಯಂಗಿಲ್ರಿ.”

ಅದು ನನ್ನ ದನಿ ಎಂದು ನನಗೆ ತಿಳಿಯುವುದಕ್ಕೇ ಒಂದು ಕ್ಷಣ ಬೇಕಾಯಿತು. ಪರ ಗಂಡಸಿನ ಎದುರು ಆ ಮನೆಯಲ್ಲಿ ನಾನು ಅದುವರೆಗೆ ಮಾತಾಡಿರಲಿಲ್ಲ. ಮೂವರೂ ಬಾಗಿಲ ಕಡೆ ತಿರುಗಿದರು. ಶುರು ಮಾಡಿದ ಮೇಲೆ ನಿಲ್ಲಿಸುವುದು ಇನ್ನೂ ನಾಚಿಕೆಯ ಕೆಲಸ ಅನಿಸಿತು.

“ನಾಕನೇ ಭಾಗ ಐತ್ರಿ. ಅದಕ್ಕ ಹೆಸರ ಬ್ಯಾರೆ ಇಟ್ಟಾರ. ಹಡಗಿಗೆ ದಾರಿ ತೋರಸೋ ದೀಪದ ಕಂಬದ ಮುದುಕ ಸತ್ತಿಲ್ಲಂತ ಅದರಾಗ ಗೊತ್ತಾಗತೈತ್ರಿ. ಮ್ಯಾಲಿಂದ ಆರನೇದ್ದು. ನೀಲಿ ಹಡಗ ಐತಿ.”

ಕಂಪೌಂಡರು ಬದಿಗಿಟ್ಟ ರಾಶಿಯಿಂದ ಅದನ್ನು ತೆಗೆದು ಒಳಗೆ ತಿರುವಿದರು. ತಿರುವುತ್ತ ತಿರುವುತ್ತ ತಲೆ ಅಲ್ಲಾಡಿಸಿದರು.

“ಹನ್ನೊಂದ ವರ್ಷ ಕೂಡಿಟ್ಟೇನಿ. ಇದು ನನಗ ಗೊತ್ತಿರಲಿಲ್ಲ.”

“ನೀ ಇವನ್ನ ಓದೀಯೇನ?” ಎಂದು ನಿಮ್ಮ ಮುತ್ಯಾ ಕೇಳಿದರು.

“ಹೌದ್ರಿ.”

“ಎಷ್ಟ?”

“ಎಲ್ಲಾ.”

“ನಾ ಮಲಕೊಂಡಾಗ ಈ ಕೆಲಸ ನಡದಿತ್ತೇನ?” ಎಂದರು ಅತ್ತೆ.

ಕಂಪೌಂಡರು ಒಂಬತ್ತು ಪುಸ್ತಕಕ್ಕೆ ಒಳ್ಳೆಯ ಬೆಲೆಯನ್ನೇ ಕೊಟ್ಟರು. ನೀಲಿ ಹಡಗಿನದನ್ನೂ ಅಚ್ಚಾದ ಬೆಲೆಗೆ ತೆಗೆದುಕೊಂಡರು. ಉಳಿದವುಗಳನ್ನು ತೋರಿಸಿ, “ಕೂಡಿಡವರು ಯಾರೂ ಇವನ್ನ ಮುಟ್ಟಂಗಿಲ್ಲ. ಆದ್ರ ಓದವರಿಗೆ ಹಣಿ ಮ್ಯಾಲೆ ಕುಂಕುಮ ಇದ್ರ ಏನ್ ಅಡ್ಡಿ? ಬಾಡಗಿಗೆ ಕೊಡ್ರಿ,” ಎಂದರು. ಆಮೇಲೆ ನಿಮ್ಮ ಮುತ್ಯಾನನ್ನು ನೋಡಿ, “ಯಾವ ಕತಿ ಎಲ್ಲಿ ಮುಂದ ಹೋಗತೈತಿ ಅಂತ ಹೇಳವರು ಬೇಕು. ಅದು ನಿಮ್ಮ ಕೈಲೆ ಆಗಂಗಿಲ್ಲ. ನೀವು ಮಾರವರು,” ಎಂದರು.

ಸಂಜೆ ಬಸ್ಸಿಗೆ ಹೊರಡುವಾಗ ನಿಮ್ಮ ಮುತ್ಯಾ ಚಪ್ಪಲಿ ಮೆಟ್ಟುತ್ತ, “ಖೋಲಿ ಈ ವರ್ಷ ಆಗಂಗಿಲ್ಲ,” ಎಂದರು. ನಾನು ಹೂಂ ಎಂದೆ. ಅವರು ಹೋದ ಮೇಲೆ ಹಿತ್ತಲಲ್ಲಿ ಕುಳಿತು ಪಾತ್ರೆ ತಿಕ್ಕಿದೆ. ತಿಕ್ಕಿದ್ದನ್ನೇ ಮತ್ತೆ ತಿಕ್ಕಿದೆ. ಅತ್ತೆ ಎರಡು ಸಲ ಬಾಗಿಲಿಗೆ ಬಂದು ನೋಡಿ ಒಳಗೆ ಹೋದರು.

ಆ ವಾರ ಅತ್ತೆ ಒಂದು ಮಧ್ಯಾಹ್ನ ಮಲಗದೆ ನನ್ನ ಪಕ್ಕ ಬಂದು ಕುಳಿತು, “ಅದೇನ ದೀಪದ ಕಂಬದ ಮುದುಕಂದು? ಓದು,” ಎಂದರು. ಅವರಿಗೆ ಅಕ್ಷರ ಬರುತ್ತಿರಲಿಲ್ಲ. ಇದ್ದ ಎರಡು ಭಾಗ ಓದಿದೆ, ಹೋದ ಎರಡನ್ನು ಬಾಯಲ್ಲಿ ಹೇಳಿದೆ. ಎಲ್ಲವನ್ನೂ ಕೇಳಿದರು.

ಮುಂದಿನ ರವಿವಾರ ಮಗ ಉಣ್ಣುತ್ತಿರುವಾಗ ಹೇಳಿದರು. “ಇಕಿನ್ನ ಕರಕೊಂಡ ಹೋಗು.”

“ಖೋಲಿ ಬಾಡಗಿ ಯಾರ ಕೊಡತಾರ?”

“ಆ ಒಂಬತ್ತ ಪುಸ್ತಕದ ರೊಕ್ಕ ನುಂಗಿದೇನ?”

“ಅದು ಮೂರ ತಿಂಗಳಿಗೆ ಆಗತೈತಿ. ಮುಂದ?”

“ಮುಂದಿಂದು ಇಕಿ ನೋಡತಾಳ. ಕೂಡಿಟ್ಟಾವ ನೀನು, ಕೆಡಿಸಿದಾಕಿ ನಾನು, ಓದಿದಾಕಿ ಇಕಿ ಒಬ್ಬಾಕಿ. ಎಮ್ಮಿ ನಾ ಹಿಂಡಕೋತೇನಿ.”

ನಿಮ್ಮ ಮುತ್ಯಾ ತಾಯಿಯ ಮುಖ ನೋಡಿದರು, ಆಮೇಲೆ ನನ್ನ ಕಡೆ. “ಬರತೀಯೇನ?” ಎಂದು ಕೇಳಿದರು. ಆ ಮಾತನ್ನು ಅದುವರೆಗೆ ಯಾರೂ ನನ್ನನ್ನು ಕೇಳಿರಲಿಲ್ಲ. ಬರತೇನಿ ಎಂದೆ.

ಮೂರನೆಯ ದಿನ ಟ್ರಂಕು ಬಸ್ಸಿನ ಮೇಲೇರಿತು. ಓಣಿಯ ಆ ಖೋಲಿ ನಾನು ಅಂದುಕೊಂಡದ್ದಕ್ಕಿಂತ ಚಿಕ್ಕದಾಗಿತ್ತು. ಗೋಡೆ ಕಲ್ಲಿನದು, ಮೊಳೆ ಇಳಿಯಲಿಲ್ಲ. ಪುಸ್ತಕಗಳನ್ನು ಅಂಗಡಿಯ ಪಕ್ಕದಲ್ಲಿ ಹಗ್ಗ ಕಟ್ಟಿ ತೂಗುಹಾಕಿ ದಿನಕ್ಕೆ ಹತ್ತು ಪೈಸೆಯಂತೆ ಕೊಡತೊಡಗಿದೆವು. ಮೊದಲ ತಿಂಗಳು ನಾನು ಬಂದವರ ಮುಖ ನೋಡದೆ, ಮುಂದಿನ ಭಾಗವನ್ನು ಬೆರಳಿನಿಂದ ತೋರಿಸುತ್ತಿದ್ದೆ. ಹನ್ನೊಂದು ಗಂಟೆಗೆ ಖೋಲಿಗೆ ಬಂದು ಒಲೆ ಹೊತ್ತಿಸುತ್ತಿದ್ದೆ. ಮಧ್ಯಾಹ್ನ ಇಂಡಿಯ ಬಸ್ಸು ಹೋದ ಮೇಲೆ ನಿಮ್ಮ ಮುತ್ಯಾ ಅಂಗಡಿಗೆ ಪರದೆ ಎಳೆದು ಉಣ್ಣುವುದಕ್ಕೆ ಬರುತ್ತಿದ್ದರು. ಮಂಗಳವಾರ, ಬುಧವಾರ, ಯಾವ ವಾರವಾದರೂ ಬರುತ್ತಿದ್ದರು. ಬಾಗಿಲಲ್ಲಿ ಚಪ್ಪಲಿ ಬಿಡುವ ಸಪ್ಪಳ ಕೇಳಿದ ಮೇಲೆ ನಾನು ತವೆಯ ಮೇಲೆ ಕೊನೆಯ ರೊಟ್ಟಿ ಹಾಕುತ್ತಿದ್ದೆ.